ಚಿತ್ರ ಒಂದು: ಜಾಡಮಾಲಿ ಹೆಂಗಸಿನ ಕೈ

"ಕೈ ತೊಳಕೊಂಡು ಬಾ ಅಂತ ಆ ಮುದುಕಿಗೆ ಹೇಳಿದಾಂವ ಯಾವ ಬೋಳಿಮಗನಲೇ?"

ತ್ರ್ಯಂಬಕರಾಯರು ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂಗಿದರು. ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ್ದ ಗಂಜಿಯ ಮೇಲೆ ಐದು ಬೆರಳಿನ ಗುರುತು ಬಿದ್ದಿತ್ತು. ಎರಡು ದಿನ ಬೆಚ್ಚಗಿಟ್ಟರೂ ಕ್ರಿಮಿಯ ಬೆಳೆ ಎದ್ದಿರಲಿಲ್ಲ; ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಅಷ್ಟೆ. ಪಕ್ಕದ ಇನ್ನೊಂದು ತಟ್ಟೆಯಲ್ಲಿ ಮಾತ್ರ ಹಳದಿ, ಬೂದು, ಬಿಳಿ ಬೊಕ್ಕೆಗಳು ಒಂದರ ಮೇಲೊಂದು ಹತ್ತಿ ಬೆರಳಿನ ಗುರುತೇ ಮುಚ್ಚಿಹೋಗಿತ್ತು. ಅದು ಸ್ವತಃ ರಾಯರ ಕೈ.

"ಮಾತಾಡಲೇ ಹನುಮ್ಯಾ, ಬಾಯಾಗ ಹೆಂಡಿ ಇಟಗೊಂಡೀಯೇನು?"

ಹನುಮಪ್ಪ ನೆಲ ನೋಡುತ್ತ ನಿಂತ. ತೊಳೆದುಕೋ ಎಂದು ಹೇಳಿದವನು ಅವನೇ. ಆ ಮುದುಕಿ ಅವನ ತಾಯಿ ಮುದಕವ್ವ.

ರಾಯರು ಧಾರವಾಡದ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯ ಹಿತ್ತಲಿನ ಹಳೇ ದನದ ಕೊಟ್ಟಿಗೆಗೆ ಸುಣ್ಣ ಬಳಿಸಿ ಲ್ಯಾಬು ಮಾಡಿಕೊಂಡಿದ್ದರು. ಹಿಂದಿನ ವರ್ಷ ಊರಿಗೆ ಕಾಲರಾ ಬಂದು ಹೋದಮೇಲೆ ಅವರೊಂದು ಪೇಪರು ಬರೆದರು: ಊರಿನ ಮಣ್ಣು, ನೀರು, ಜಾಡಮಾಲಿಗಳ ಕೈ, ಇವುಗಳಿಂದ ಕ್ರಿಮಿ ಹರಡುವ ಬಗೆ. ವಿಲಾಯತಿಯ ಪತ್ರಿಕೆಯವರು ಅದನ್ನು ತಿರುಗಿ ಕಳಿಸಿ, ಮಾತು ಸರಿ, ಪುರಾವೆ ಎಲ್ಲಿ, ಹೊಲಸು ಕೈ ಮತ್ತು ಶುದ್ಧ ಕೈ ಎರಡರ ತಟ್ಟೆಗಳ ಫೋಟೋ ಕಳಿಸಿದರೆ ಅಚ್ಚಿನ ವಿಚಾರ ಮಾಡುತ್ತೇವೆ ಎಂದಿದ್ದರು. ಅಂದಿನಿಂದ ರಾಯರಿಗೆ ಊಟ ರುಚಿಸಿರಲಿಲ್ಲ. ತಟ್ಟೆಯಲ್ಲಿ ಏನು ಬೆಳೆಯುತ್ತದೋ ನೋಡುವ ಮೊದಲೇ ಗುಮಾಸ್ತ ದತ್ತುವಿನಿಂದ ಚಿತ್ರದ ಕೆಳಗಿನ ಸಾಲುಗಳನ್ನು ಟೈಪು ಮಾಡಿಸಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಓದಿದವರಿಗೂ ತಪ್ಪದು.

ಹನುಮಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿದ್ದೂ ಒಂದು ತಮಾಷೆಯೇ. ಕ್ರಿಮಿಗಳು ಬರೀ ಗಂಜಿಗೆ ಒಲಿಯುವ ಪೈಕಿ ಅಲ್ಲ, ಅವಕ್ಕೆ ಮಾಂಸದ ರಸ ಬೇಕು. ರಾಯರ ಮನೆಯಲ್ಲಿ ಉಳ್ಳಾಗಡ್ಡಿಯೂ ಒಳಗೆ ಬರುವಂತಿಲ್ಲ. ಹಾಗಾಗಿ ಅಹಮದಸಾಬನ ಅಂಗಡಿಯಿಂದ ಮಾಂಸ ತಂದು, ಹುಣಸೆಮರದ ಕೆಳಗೆ ಕುದಿಸಿ, ಸೋಸಿ ಕೊಡಲು ಕೇರಿಯ ಹುಡುಗನೇ ಬೇಕಾಯಿತು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಹನುಮಪ್ಪ ಕುದಿಸಿದ, ಸೋಸಿದ, ತಟ್ಟೆ ತೊಳೆದ. ಅವನು ಅತ್ತ ಹೋದಮೇಲೆ ರಾಯರ ಹೆಂಡತಿ ಗೋದಾಬಾಯಿ ಆ ಜಾಗಕ್ಕೆ ಸಗಣಿ ನೀರು ಹಾಕಿಸುತ್ತಿದ್ದರು. ಆದರೂ ಕೇರಿಯಲ್ಲಿ ಅವನು ಸಾಹೇಬ. ಹೊಲಸಿನ ಬುಟ್ಟಿ ಹೊರದೆ ಉಣ್ಣುವವನು ಇಡೀ ಕೇರಿಗೆ ಅವನೊಬ್ಬನೇ.

ತಾಯಿಯನ್ನು ಕರೆತರಲು ರಾಯರು ಹೇಳಿದ ದಿನ ಅವನಿಗೆ ಮೊದಲು ನೆನಪಾದದ್ದು ದತ್ತುವಿನ ಮೂಗು. ಅವ್ವನ ಮೈಯ ವಾಸನೆ ಆ ಮೂಗಿಗೆ ಬಡಿಯುತ್ತದಲ್ಲ ಎಂದು ನಾಚಿಕೆಯಾಯಿತು. ಕೇರಿಯ ಬಾವಿಯ ಹತ್ತಿರ ಅವಳನ್ನು ಕುಳ್ಳಿರಿಸಿ ಬೂದಿ, ಅಂಟವಾಳ, ಕೊನೆಗೆ ಇಟ್ಟಂಗಿ ಚೂರು ಕೊಟ್ಟು ತಿಕ್ಕಿಸಿದ. ಉಗುರಿನ ಸಂದಿಯನ್ನು ಜಾಲಿಮುಳ್ಳಿನಿಂದ ತಾನೇ ಕೆದರಿದ.

"ಸಾಕೋ ಮಗನ, ಉರಿತೈತಿ."

"ಇನ್ನಟ ತಿಕ್ಕಬೇ. ದೊಡ್ಡ ಮಂದಿ ಮನಿಗಿ ಹೋಗೂದೈತಿ."

ಮುದಕವ್ವ ತಿಕ್ಕಿದಳು. ನೆರೆಯ ಸಾವಕ್ಕನ ಸೀರೆ ಕೇಳಿ ಉಟ್ಟಳು. ತನ್ನ ಕೈಯ ಫೋಟೋ ವಿಲಾಯತಿಗೆ ಹೋಗುತ್ತದೆಂದು ಕೇರಿಯ ತುಂಬ ಹೇಳಿಕೊಂಡು ಬಂದಳು.

ಈಗ ಅದೇ ಕೈ ತಪ್ಪು ಮಾಡಿ ಕೂತಿತ್ತು.

"ಪ್ರಯೋಗ ಕೆಟ್ಟದ," ಎಂದರು ರಾಯರು. "ತೊಳದ ಕೈ ತಗೊಂಡು ನಾ ಏನು ಮಾಡ್ಲಿ? ಅಕಿ ದಿನಾ ಹ್ಯಾಂಗ ಇರ್ತಾಳೋ ಹಂಗ ಬರಬೇಕು. ಹೋಗು, ಕೆಲಸದ ಮ್ಯಾಲಿಂದ ಸೀದಾ ಕರಕೊಂಡು ಬಾ. ಇವತ್ತ ಒತ್ತಿದ್ರ ಶನಿವಾರದ ಟಪಾಲಿಗೆ ಫೋಟೋ ತಯಾರಾಗ್ತದ."

ಅಷ್ಟು ಹೇಳಿ ಒಂದು ಚಿಟಿಕೆ ನಶ್ಯ ಏರಿಸಿದರು. ಬೆರಳು ನೋಡಿಕೊಂಡರು.

"ನಂದೂ ಇನ್ನೊಮ್ಮೆ ಆಗಬೇಕು. ದತ್ತೂ, ಕಾರ್ಬಾಲಿಕ್ ಸಾಬಾಣ ತಾ, ನೀರು ಹಾಕು."

ಮೂಲೆಯಲ್ಲಿ ತಾಮ್ರದ ಕೊಡ, ಅದರ ಮೇಲೊಂದು ಚೊಂಬು. ಅವೆರಡನ್ನೂ ಹನುಮಪ್ಪ ಮುಟ್ಟುವಂತಿರಲಿಲ್ಲ. ದತ್ತು ನೀರು ಹಾಕಿದ, ರಾಯರು ಮೊಳಕೈತನಕ ತೊಳೆದರು. ಆಮೇಲೆ ಹೊಸ ತಟ್ಟೆಯ ಮೇಲೆ ಬೆರಳೊತ್ತಿದರು. ನಿಮ್ಮ ಕೈಯೂ ದಿನಾ ಇದ್ದಂಗ ಇರಬೇಕಲ್ಲರಿ, ಎಂಬ ಮಾತು ಹನುಮಪ್ಪನ ಗಂಟಲಿಗೆ ಬಂತು. ಅವನು ತಟ್ಟೆಗೆ ಮುಚ್ಚಳ ಹಾಕಿದ.

ದತ್ತು ಟೈಪು ಮಾಡಿದ ಹಾಳೆ ಎತ್ತಿ, ಅವನಿಗೆ ತಿಳಿಯಲೆಂದೇ ಕನ್ನಡದಲ್ಲಿ ಓದಿದ: "ಚಿತ್ರ ಒಂದು: ಜಾಡಮಾಲಿ ಹೆಂಗಸಿನ ಕೈ. ಚಿತ್ರ ಎರಡು: ಶುದ್ಧ ಜಾತಿಯವನ ಕೈ. ತಿಳೀತೇನೋ? ನಿಮ್ಮವ್ವ ಒಂದನೇ ನಂಬರ ಬಂದಾಳ."

ಹನುಮಪ್ಪ ನಕ್ಕ. ಯಾಕೆ ನಕ್ಕೆನೆಂದು ಅವನಿಗೆ ಗೊತ್ತಾಗಲಿಲ್ಲ. ಬಾಗಿಲು ದಾಟುವಷ್ಟರಲ್ಲಿ ಆ ನಗೆಗೆ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಮನೆಗಳ ಹಿಂದಿನ ಸಂದಿಯಲ್ಲಿ ಮುದಕವ್ವ ತಗಡಿನಿಂದ ಸಂಡಾಸು ಬಳಿಯುತ್ತಿದ್ದಳು. ಮಗನನ್ನು ಕಂಡು ಸೆರಗಿನ ತುದಿಯನ್ನು ಬಾಯಿಂದ ಬಿಟ್ಟಳು.

"ಫೋಟೋ ಛಲೋ ಬಂತೇನೋ?"

"ಇಲ್ಲಬೇ. ಇನ್ನೊಮ್ಮೆ ಬರಬೇಕಂತ. ತೊಳೀಲಾರದ."

"ತೊಳೀಲಾರದ?"

"ಈಗ ಹೆಂಗೈತಿ, ಹಂಗ."

ಮುದಕವ್ವ ಕೈ ನೋಡಿಕೊಂಡಳು. ಇಟ್ಟಂಗಿ ತಿಕ್ಕಿ ಸುಲಿದ ಚರ್ಮ ಇನ್ನೂ ಕೂಡಿರಲಿಲ್ಲ, ಅದರೊಳಕ್ಕೆ ಹೊಲಸು ಇಳಿದಿತ್ತು.

"ತೊಳಿ ಅಂದಿ, ತೊಳದೆ. ಚರ್ಮಾ ಕಿತ್ತ ಬಂತು, ಸುಮ್ಮನಾದೆ. ಈಗ ತೊಳೀಬ್ಯಾಡ ಅಂತಿ. ನಿನಗ ಯಾವ ಕೈ ಬೇಕೋ ನಮ್ಮಪ್ಪಾ?"

ಹನುಮಪ್ಪ ಬುಟ್ಟಿಯಿಂದ ಒಂದು ಹೆಜ್ಜೆ ದೂರ ಸರಿದ.

"ಫೋಟೋದ ಕೆಳಗ ಏನಂತ ಬರದಾರ?"

"ಜಾಡಮಾಲಿ ಹೆಂಗಸಿನ ಕೈ ಅಂತ."

"ನನ್ನ ಹೆಸರ?"

"ಹೆಸರಿಲ್ಲಬೇ." ಅವನೇ ಸೇರಿಸಿದ: "ನೀ ಬರಲಿಲ್ಲಂದ್ರ ನನ್ನ ಕೆಲಸಾ ಹೋಗತೈತಿ, ಯವ್ವಾ."

ಆಡಿದಮೇಲೆ ಆ ಮಾತು ಬುಟ್ಟಿಗಿಂತ ಕೆಟ್ಟದಾಗಿ ನಾರಿತು. ಮುದಕವ್ವ ಅವನ ಮುಖವನ್ನೇ ನೋಡಿದಳು.

"ನೀ ಮುಂದ ನಡಿ," ಎಂದಳು. "ಇದೊಂದ ಮನೀದು ಮುಗಿಸಿ ಬರತೇನಿ."

ಅವಳು ಬಂದಾಗ ಹೊತ್ತು ನೆತ್ತಿಗೇರಿತ್ತು. ಬುಟ್ಟಿಯ ಸಮೇತ ಬಂದಿದ್ದಳು.

"ಏ, ಏ! ಅಲ್ಲೇ ನಿಂದ್ರು!" ದತ್ತು ಪಂಚೆ ಎತ್ತಿಕೊಂಡು ಹಿಂದಕ್ಕೆ ಸರಿದ. "ಬುಟ್ಟಿ ಹೊರಗ ಇಟ್ಟ ಬಾ, ಹೊಲಸ ಮುಂಡೆ!"

"ಮುಚ್ಚೋ ಬಾಯಿ, ಭಾಡ್ಯಾ. ದಿನಾ ಹೆಂಗ ಇರ್ತೇನಿ ಹಂಗ ಬಾ ಅಂತ ಹೇಳಿ ಕಳಸೀರಿ. ಬುಟ್ಟಿ ಬಿಟ್ಟ ನಾ ಯಾವತ್ತರ ಇದ್ದೇನೇನು?"

ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟು, ಅದನ್ನು ದಾಟಿ ಒಳಗೆ ಬಂದಳು. ರಾಯರು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು, ಗೆರೆ ಎಳೆಯುವ ರೂಳಕಟ್ಟಿಗೆಯಿಂದ ತಟ್ಟೆಯನ್ನು ಅವಳತ್ತ ದೂಡಿದರು.

"ಒತ್ತು."

ಮುದಕವ್ವ ತಟ್ಟೆಯ ಮೇಲೆ ಕೈ ಹಿಡಿದಳು. ಒತ್ತಲಿಲ್ಲ.

"ಒಂದ ಮಾತ ಕೇಳತೇನ್ರಿ ರಾಯರ. ಈ ಹೊಲಸ ಯಾರದಂತ ಬರದೀರಿ?"

"ನಿನ್ನ ಕೈಯಿಂದು. ಮತ್ಯಾರದು?"

"ಕೈ ನಂದರಿ. ಹೊಲಸ ನಿಮ್ಮನೀದು. ನಿಮ್ಮ ಸಂಡಾಸ ಬಳದ ಸೀದಾ ಬಂದೇನಿ. ಖರೇ ಬರಿಯೂದಿದ್ರ ನಿಮ್ಮ ಹೆಸರ ಬರೀರಿ, ನಾ ಒತ್ತತೇನಿ."

ಬುಟ್ಟಿಯ ಮೇಲೆ ನೊಣಗಳು ಗುಂಯ್‌ಗುಡುತ್ತಿದ್ದವು. ರಾಯರ ಮುಖ ಕೆಂಪೇರಿತು.

"ಏ ಸೂಳೇ, ಒತ್ತು ಅಂದ್ರ ಒತ್ತು! ಹನುಮ್ಯಾ, ಹಿಡದು ಒತ್ತಸಲೇ ಅಕಿ ಕೈ!"

ಹನುಮಪ್ಪ ಮುಂದೆ ಬಂದ. ತಾಯಿಯ ಮಣಿಕಟ್ಟು ಹಿಡಿದ. ಅವಳು ಕೊಸರಲಿಲ್ಲ. ಮಗನನ್ನೊಮ್ಮೆ ನೋಡಿ ಕೈ ಸಡಿಲ ಬಿಟ್ಟಳು. ಅವನು ಆ ಕೈಯನ್ನು ತಟ್ಟೆಯ ಸಮೀಪಕ್ಕೆ ಒಯ್ದ. ಇನ್ನೇನು ಬೆರಳು ತಾಗಬೇಕು, ಅಂಗೈಯಲ್ಲಿ ತಾನೇ ತಿಕ್ಕಿಸಿ ಎಬ್ಬಿಸಿದ ಕೆಂಪು ಗಾಯ ಕಂಡಿತು. ಅವ್ವನ ಕೈಯನ್ನು ಅವನು ನೋಡಿದ್ದು ಅದೇ ಮೊದಲು. ಅಲ್ಲಿಯತನಕ ನೋಡಿದ್ದೆಲ್ಲ ಬರೀ ವಾಸನೆ.

ಕೈ ಬಿಟ್ಟ. ಮೂಲೆಗೆ ಹೋಗಿ ತಾಮ್ರದ ಚೊಂಬು ಎತ್ತಿ ಕೊಡದಲ್ಲಿ ಅದ್ದಿದ.

"ಮುಟ್ಟಬ್ಯಾಡೋ!" ದತ್ತು ಚೀರಿದ.

"ಮುಂಜಾನೆ ಕೇಳಿದ್ರಲ್ಲರಿ," ಹನುಮಪ್ಪ ತುಂಬಿದ ಚೊಂಬು ಹಿಡಿದು ತಿರುಗಿದ. "ತೊಳಕೋ ಅಂತ ಹೇಳಿದಾಂವ ಯಾವ ಬೋಳಿಮಗ ಅಂತ. ನಾನಽರಿ. ಆವಾಗ ನನ್ನ ನಾಚಿಕಿಗಿ ಹೇಳಿದ್ದೆ. ಈಗ ಅಕಿ ಸಲುವಾಗಿ ಹೇಳತೇನಿ. ತೊಳಕೋ ಯವ್ವಾ."

ರಾಯರ ಸಾಬಾಣವನ್ನೇ ಕೊಟ್ಟ. ಮುದಕವ್ವ ಸಾವಕಾಶ ತೊಳೆದಳು, ಉರಿಗೆ ಹಲ್ಲು ಕಚ್ಚಿಕೊಂಡು, ಮೊಳಕೈತನಕ. ನೀರು ನೆಲದ ಮೇಲೆ ಹರಿದು ಬಂದಂತೆ ರಾಯರೂ ದತ್ತುವೂ ಹಿಂದೆ ಸರಿಯುತ್ತ ಗೋಡೆಗೆ ಅಂಟಿಕೊಂಡರು. ಸೆರಗಿಗೆ ಕೈ ಒರೆಸಿಕೊಂಡು ಅವಳು ಹೊಸ್ತಿಲು ದಾಟಿದಳು. ಹಿಂದೆ ಹನುಮಪ್ಪ ದಾಟಿದ. ಬುಟ್ಟಿಯನ್ನು ಇಬ್ಬರೂ ಮುಟ್ಟಲಿಲ್ಲ.

"ಹನುಮ್ಯಾ! ಬುಟ್ಟಿ ತಗಿಯಲೇ!"

ಅವನು ತಿರುಗಲಿಲ್ಲ. ತಾಯಿಯ ಪಕ್ಕಕ್ಕೆ ಹೋಗಿ ನಡೆಯುವ ಧೈರ್ಯವೂ ಅವನಿಗಿರಲಿಲ್ಲ. ಅವಳ ಒದ್ದೆ ಕೈಯನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ನಡೆದ.

"ಹನುಮಪ್ಪಾ..." ಈ ಸಲ ರಾಯರ ದನಿ ಮೆತ್ತಗಾಗಿತ್ತು.

ದನದ ಕೊಟ್ಟಿಗೆಗೆ ಇದ್ದದ್ದು ಒಂದೇ ಬಾಗಿಲು, ಅದರ ತುಂಬ ಬುಟ್ಟಿ. ಗಡಿಬಿಡಿಯಲ್ಲಿ ಎರಡನೇ ಚಿತ್ರದ ತಟ್ಟೆಯ ಮುಚ್ಚಳ ಬದಿಗೆ ಸರಿದಿತ್ತು. ಬುಟ್ಟಿಯಿಂದ ಎದ್ದ ನೊಣವೊಂದು ರಾಯರ ಬೆರಳ ಗುರುತಿನ ಮೇಲೆ ಕೂತು ಮುಂಗಾಲು ಉಜ್ಜತೊಡಗಿತು. ಅಡಿಗೆಮನೆಯಿಂದ ಗೋದಾಬಾಯಿ ಕೂಗುತ್ತಿದ್ದರು:

"ಎಲಿ ಹಾಕೇದರೀ... ಲಗೂ ಬರ್ರಿ, ಅನ್ನ ಆರ್ತದ."