ಹನಿ ಹನಿಯಾಗಿ ಇಳಿದ ಉಪ್ಪು

ಆಸ್ಪತ್ರೆಯ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದ ನರ್ಸಮ್ಮ ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆಯ ದನಿ ಒಳಗಿನಿಂದ ತೂರಿಬಂತು.

“ಬೇಗ ಬಾರೇ, ಮೀನುಗಳಿಗೆ ಏನೋ ಆಗಿದೆ!”

ನಡುಮನೆಯ ಗೋಡೆಗೊರಗಿದ್ದ ಆ ಗಾಜಿನ ತೊಟ್ಟಿಯೆಂದರೆ ಅವಳ ಗಂಡನಿಗೆ ಪ್ರಾಣ. ಅವನು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ವರ್ಷದ ಅರ್ಧ ಕಾಲ ಸಮುದ್ರದ ಮೇಲೇ ಇರುವವನಿಗೆ ಮನೆಯಲ್ಲೂ ಒಂದು ಸಮುದ್ರ ಬೇಕಿತ್ತೇ ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಅದಕ್ಕೆ ಅಂಟಿಕೊಂಡಿದ್ದರು. ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಜೋಡಿಮೀನಿಗೆ ‘ಗಂಡ ಹೆಂಡತಿ’, ಉದ್ದ ಮೀಸೆಯ ಕೆಂಪು ಸೀಗಡಿಗೆ ‘ಮೀಸೆ ಮಾವ’ ಎಂದು ಹೆಸರಿಟ್ಟವರೂ ಅವರೇ.

ಈಗ ಗಂಡ ಹೆಂಡತಿ ಎರಡೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಮೀಸೆ ಮಾವ ಕಲ್ಲಿನ ಪಕ್ಕ ಅಡ್ಡಬಿದ್ದಿತ್ತು.

ನರ್ಸಮ್ಮ ಕೈಚೀಲವನ್ನು ಅಲ್ಲೇ ನೆಲಕ್ಕೆ ಬಿಟ್ಟು, ಉಪ್ಪಿನಂಶ ನೋಡುವ ಮೀಟರನ್ನು ತೆಗೆದಳು. ಅದರ ಗಾಜಿನ ಮೇಲೆ ತೊಟ್ಟಿಯ ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ಒಳಗಿನ ಗೆರೆ ನೋಡಿದಳು. ಮೂವತ್ತೈದು ಇರಬೇಕಾದದ್ದು ನಲವತ್ತೆರಡು ತೋರಿಸಿತು. ಮೀಟರೇ ಕೆಟ್ಟಿರಬಹುದೆಂಬ ಆಸೆಯಿಂದ ಗಾಜು ಒರೆಸಿ ಶುದ್ಧ ನೀರು ಹಾಕಿ ನೋಡಿದಳು. ಗೆರೆ ಸರಿಯಾಗಿ ಸೊನ್ನೆಗೆ ಬಂದು ನಿಂತಿತು. ಮತ್ತೆ ತೊಟ್ಟಿಯ ನೀರು ಹಾಕಿದಳು. ನಲವತ್ತೆರಡೇ.

“ಅತ್ತೆ, ತೊಟ್ಟಿಗೆ ಯಾವ ನೀರು ಹಾಕಿದ್ರಿ?”

“ನಿನಗೆ ಈ ವಾರ ಬಿಡುವೇ ಇರಲಿಲ್ಲ ಅಂತ ನಾನೇ ದಿನಾ ತುಂಬಿಸ್ತಿದ್ದೆ. ನೀರು ಇಳೀತಾನೇ ಇತ್ತಲ್ಲ.” ಅತ್ತೆಯ ಮಾತು ನಿಧಾನವಾಯಿತು. “ಸಮುದ್ರದ ಮೀನು, ಸಪ್ಪೆ ನೀರು ಹೇಗೆ ಹಾಕೋದು ಅಂತ ಅವನು ತೊಟ್ಟಿಗೆ ಅಂತ ತಂದಿಟ್ಟ ಡಬ್ಬದ ಉಪ್ಪು ಕದಡಿ ಹಾಕಿದೆ. ಯಾಕೆ?”

ನರ್ಸಮ್ಮನಿಗೆ ಎಲ್ಲ ಅರ್ಥವಾಯಿತು. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಅದರ ಮೇಲೆ ದಿನವೂ ಇನ್ನಷ್ಟು ಉಪ್ಪು ಬಿದ್ದಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಒಂದು ವಾರ ಮೀಟರು ಮುಟ್ಟದೇ ಇದ್ದವಳು ತಾನೇ ತಾನೆ.

ಅಷ್ಟರಲ್ಲಿ ಮೈದುನ ಅಡುಗೆಮನೆಯಿಂದ ತುಂಬಿದ ಬಕೆಟ್ ಎತ್ತಿಕೊಂಡು ಬಂದ. ಹೋಟೆಲಿನಲ್ಲಿ ಬಾಣಸಿಗನಾಗಿದ್ದ ಅವನಿಗೆ ಎಲ್ಲದಕ್ಕೂ ಒಲೆಯ ಮುಂದಿನ ಉಪಾಯವೇ ಗೊತ್ತು.

“ಸರೀರಿ ಅತ್ತಿಗೆ. ಅಡುಗೆಗೆ ಉಪ್ಪು ಜಾಸ್ತಿಯಾದ್ರೆ ಏನು ಮಾಡ್ತೀವಿ? ನೀರು ಸುರೀತೀವಿ.”

“ಬೇಡ!” ಅವಳು ಅವನ ಮಣಿಕಟ್ಟು ಹಿಡಿದುಬಿಟ್ಟಳು. ಬಕೆಟ್ ತುಳುಕಿ ಇಬ್ಬರ ಕಾಲೂ ಒದ್ದೆಯಾಯಿತು.

“ಅವು ಕಣ್ಣೆದುರೇ ಸಾಯ್ತಾ ಇವೆ, ನೀವು ಬೇಡ ಅಂತೀರಲ್ಲ!”

“ಒಂದೇ ಸಲ ಸುರಿದ್ರೆ ಈಗಲೇ ಸಾಯ್ತವೆ. ಬಕೆಟ್ ಕೆಳಗಿಡು.”

ಮೈಯಲ್ಲಿ ಉಪ್ಪಿನಂಶ ಏರಿದ ರೋಗಿಗಳನ್ನು ವಾರ್ಡಿನಲ್ಲಿ ಅವಳು ಕಂಡಿದ್ದಳು. ಅವಸರಪಟ್ಟು ಇಳಿಸಿದರೆ ಮಿದುಳಿಗೇ ಪೆಟ್ಟು ಬೀಳುತ್ತಿತ್ತು. ಮೀನಿಗೂ ನಿಧಾನವೇ ಮದ್ದು ಎಂದು ಗಂಡ ಎಂದೋ ಹೇಳಿದ್ದ. ಅವನನ್ನು ಕೇಳೋಣವೆಂದರೆ ಹಡಗು ದಡ ಸೇರುವ ತನಕ ಫೋನು ಸಿಗುವಂತಿರಲಿಲ್ಲ.

“ಮೆಡಿಕಲ್ ಶಾಪಿಗೆ ಓಡು. ಒಂದು ಡ್ರಿಪ್ ಸೆಟ್ ತಗೊಂಡು ಬಾ.”

“ಮೀನಿಗೆ ಗ್ಲೂಕೋಸ್ ಏರಿಸ್ತೀರಾ?”

“ಹೋಗೋ ಮಾರಾಯ!”

ಅವನು ಬರುವಷ್ಟರಲ್ಲಿ ಅವಳು ಸೀಗಡಿಯನ್ನು ಬಲೆಯಲ್ಲಿ ಎತ್ತಿದ್ದಳು. ಅದರಲ್ಲಿ ಜೀವವಿರಲಿಲ್ಲ. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಮುಖ ತಿರುಗಿಸಿದರು.

ಕಪಾಟಿನ ಮೇಲೆ ಶುದ್ಧ ನೀರಿನ ಕ್ಯಾನು ಇಟ್ಟು, ನಳಿಗೆಯನ್ನು ತೊಟ್ಟಿಗೆ ಇಳಿಬಿಟ್ಟು, ಅವಳು ಹನಿಯ ವೇಗವನ್ನು ಹೊಂದಿಸಿದಳು. ಒಂದು ಚೊಂಬು ಉಪ್ಪುನೀರು ತೆಗೆದರೆ ಅಷ್ಟೇ ಸಪ್ಪೆ ನೀರು ತೊಟ್ಟಿಕ್ಕಬೇಕು. ಗಾಳಿ ತುಂಬುವ ಪಂಪನ್ನು ಜೋರಾಗಿಸಿದಳು. ಆಮೇಲೆ ಮಾಡಲು ಏನೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟ. ಹೆಣ್ಣುಮೀನು ಒಮ್ಮೆ ಮಗುಚಿ ಹೊಟ್ಟೆ ಮೇಲಾಗಿ ತೇಲಿತು. ಮೈದುನನ ಕೈ ಬಕೆಟಿನತ್ತ ಹೋಯಿತು. ನಳಿಗೆಯ ಬಿಗಿ ಸಡಿಲಿಸಲು ಅವಳ ಬೆರಳೂ ತುಡಿಯಿತು. ಅವಳು ಕೈಕಟ್ಟಿ ಕೂತಳು. ಮೀನು ಹೇಗೋ ಹೊರಳಿ ಮತ್ತೆ ನೆಟ್ಟಗಾಯಿತು.

ಸಂಜೆಗೆ ಗೆರೆ ನಲವತ್ತೊಂದಕ್ಕೆ ಬಂತು. ಮರುದಿನ ರಜೆ ಹಾಕಿ ತೊಟ್ಟಿಯ ಮುಂದೆಯೇ ಕುಳಿತಳು. ಪಕ್ಕದಲ್ಲೇ ಕೂತಿದ್ದ ಅತ್ತೆ ಊಟಕ್ಕೆ ಏಳಲಿಲ್ಲ. ಇವಳು ತಟ್ಟೆಯನ್ನು ಅಲ್ಲಿಗೇ ತಂದಿಟ್ಟಾಗ, “ಬೈಯ್ಯಬೇಕು ಅನ್ಸಿದ್ರೆ ಬೈದುಬಿಡು,” ಎಂದರು.

“ಬೈಯೋಕೆ ಪುರುಸೊತ್ತೆಲ್ಲಿದೆ ಅತ್ತೆ? ಚೊಂಬು ಕೊಡಿ ಇಲ್ಲಿ.”

ಗೆರೆ ಮೂವತ್ತೇಳಕ್ಕೆ ಇಳಿದ ದಿನ ಗಂಡುಮೀನು ಕಾಳಿಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ಹೆಣ್ಣೂ ಬಂತು. ಮೈದುನ ಸಿಳ್ಳೆ ಹಾಕಿದ.

ಆಗಲೇ ಬಂದರಿನಿಂದ ಗಂಡನ ಫೋನು ಬಂತು. “ಎಲ್ಲ ಚೆನ್ನಾಗಿದ್ದಾರೆ, ನೀವು...” ಎಂದು ನರ್ಸಮ್ಮ ಮಾತು ತೇಲಿಸುತ್ತಿದ್ದಂತೆ ಅತ್ತೆ ಅವಳ ಕೈಯಿಂದ ಫೋನು ಕಿತ್ತುಕೊಂಡರು.

“ನಿನ್ನ ಸೀಗಡಿ ಹೋಯ್ತು ಕಣೋ. ಉಪ್ಪು ಹಾಕಿ ಕೊಂದಿದ್ದು ನಾನು. ಉಳಿದವನ್ನ ಉಳಿಸಿದ್ದು ಇವಳು.”

ಆ ಕಡೆಯಿಂದ ಅವನು ಕೇಳಿದ್ದು ಇಷ್ಟೇ: “ನೀನು ಊಟ ಮಾಡಿದ್ಯೇನಮ್ಮ?”

ಅತ್ತೆಗೆ ಅಳು ಒತ್ತರಿಸಿ ಬಂತು.