ವರ್ಲೀನ್ ಅಕ್ಕನ ವ್ಯಾನಿಟಿ ಬ್ಯಾಗು

ನನ್ನ ಅಕ್ಕ ವರ್ಲೀನಳ ವ್ಯಾನಿಟಿ ಬ್ಯಾಗಿನಲ್ಲಿ ಎರಡು ವಸ್ತುಗಳು ಎಂದೂ ತಪ್ಪುತ್ತಿರಲಿಲ್ಲ: ಪೆಪ್ಪರ್‌ಮಿಂಟು ಮತ್ತು ಪಿಸ್ತೂಲು. ಪೆಪ್ಪರ್‌ಮಿಂಟು ಮೊಮ್ಮಗಳು ಟಿಲ್ಲಿಗೆ, ಪಿಸ್ತೂಲು ಕಳ್ಳರಿಗೆ. ಕಳ್ಳರು ಇದುವರೆಗೆ ಒಬ್ಬರೂ ಬಂದಿಲ್ಲ. ಟಿಲ್ಲಿ ಮಾತ್ರ ಪ್ರತಿ ಭಾನುವಾರ ಬರುತ್ತಿದ್ದಳು.

ಪಶ್ಚಿಮ ಟೆಕ್ಸಾಸಿನ ನಮ್ಮ ಕಡೆ ಇದೇನೂ ವಿಶೇಷವಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ದನದ ಫಾರ್ಮಿನಲ್ಲಿ ಒಬ್ಬಳೇ ಇದ್ದಾಳೆ. ಫೋನು ಮಾಡಿದರೆ ಪೊಲೀಸರು ಬರುವಷ್ಟರಲ್ಲಿ ಅಡುಗೆ ಮಾಡಿ, ಉಂಡು, ಪಾತ್ರೆಯನ್ನೂ ತೊಳೆದಿಡಬಹುದು. ಅವಳು ಪಿಸ್ತೂಲು ಇಟ್ಟುಕೊಂಡದ್ದನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ಬಳಿಯೂ ಒಂದಿದೆ. ನನಗೆ ಸಿಟ್ಟು ಬರುವುದು ನಮ್ಮ ಇನ್ನೊಂದು ಪದ್ಧತಿಯ ಮೇಲೆ. ನಿಮ್ಮ ಪಿಸ್ತೂಲು ಎಲ್ಲಿದೆ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ಮರ್ಯಾದೆ ತೆಗೆದಂತೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಮಕ್ಕಳನ್ನು ಆಟಕ್ಕೆ ಬಿಡುತ್ತೇವೆ.

ಒಂದು ಭಾನುವಾರ ಚರ್ಚಿನಲ್ಲಿ ಪ್ರವಚನ ನಡೆಯುತ್ತಿದ್ದಾಗ ಮೂರು ವರ್ಷದ ಟಿಲ್ಲಿ ಅಜ್ಜಿಯ ಬ್ಯಾಗಿಗೆ ಕೈ ಹಾಕಿದಳು. ಪೆಪ್ಪರ್‌ಮಿಂಟು ಬೇಕಾದಾಗ ತಾನೇ ತೆಗೆದುಕೊಳ್ಳುವುದನ್ನು ಕಲಿಸಿದವಳು ಅಜ್ಜಿಯೇ. ಪಕ್ಕದಲ್ಲಿದ್ದ ಟಿಲ್ಲಿಯ ತಾಯಿ, ಅಕ್ಕನ ಸೊಸೆ ಡಾರ್ಸಿ ಬ್ಯಾಗನ್ನು ಮೆಲ್ಲಗೆ ಎಳೆದುಕೊಂಡು ಒಳಗೆ ಇಣುಕಿದಳು. ಒಡನೆ ಅದನ್ನು ಮುಚ್ಚಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಹೊರಗೆ ಗಾಡಿಯ ಹತ್ತಿರ ಬಂದ ಮೇಲೆ ಡಾರ್ಸಿ ಹೇಳಿದಳು: "ಅತ್ತೆ, ಪಿಸ್ತೂಲಿನ ಗುಂಡು ಹಾರದಂತೆ ತಡೆಯೋ ಸೇಫ್ಟಿ ಕೀಲು ಜಾರಿಬಿಟ್ಟಿದೆ. ಬೀಗದ ಕೈ ಗೊಂಚಲು ತಾಗಿ ತಾಗಿ ಜಾರಿರಬೇಕು. ಒಳಗೆ ಗುಂಡು ಬೇರೆ ಇದೆ."

"ಗುಂಡಿಲ್ದೆ ಇಟ್ಕೊಂಡು ಕಳ್ಳ ಬಂದ್ರೆ ಏನ್ಮಾಡ್ಲಿ? ಪೆಪ್ಪರ್‌ಮಿಂಟು ಕೊಡ್ಲಾ?"

ನಮ್ಮ ತಮ್ಮ ಹೊಯ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಡಾರ್ಸಿ ನಗಲಿಲ್ಲ.

"ಪಿಸ್ತೂಲು ಬಿಡಿ ಅಂತಿಲ್ಲ ಅತ್ತೆ. ಟ್ರಿಗರ್ ಮುಚ್ಚೋ ಅಂಥ ಗಟ್ಟಿ ಒರೇಲಿ ಹಾಕಿ ಸೊಂಟಕ್ಕೆ ಕಟ್ಕೊಳ್ಳಿ. ಮೈಮೇಲೆ ಇಲ್ದಿದ್ದಾಗ ಪೆಟ್ಟಿಗೇಲಿಟ್ಟು ಬೀಗ ಹಾಕಿ. ಅಲ್ಲೀವರೆಗೂ ಟಿಲ್ಲಿ ನಿಮ್ಮನೆಗೆ ಬರಲ್ಲ."

"ನಾಲ್ಕು ಮಕ್ಕಳನ್ನ ಸಾಕಿದೋಳು ಕಣೇ ನಾನು! ಪಿಸ್ತೂಲು ಅಡುಗೆಮನೆ ಕಪಾಟಿನ ಮೇಲೇ ಇರ್ತಿತ್ತು. ಯಾರಿಗೇನಾಯ್ತು?"

"ದೇವರು ಕಾಪಾಡಿದ. ದಿನಾ ಅವನಿಗೆ ಅದೇ ಕೆಲಸ ಕೊಡೋಕಾಗುತ್ತಾ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನುಪಯೋಗ?"

ಅಕ್ಕನ ಮಗ ಕರ್ಟಿಸ್ ಅಮ್ಮನ ಮುಖವನ್ನೂ ನೋಡದೆ, ಹೆಂಡತಿಯ ಮುಖವನ್ನೂ ನೋಡದೆ, ಗಾಡಿಯ ಟೈರನ್ನೇ ನೋಡುತ್ತಾ ನಿಂತಿದ್ದ.

ಆಮೇಲಿನ ಭಾನುವಾರಗಳು ಬಿಕೋ ಎನ್ನುತ್ತಿದ್ದವು. ಅಕ್ಕ ಅಭ್ಯಾಸಬಲದಿಂದ ಎಲ್ಲರಿಗಾಗುವಷ್ಟು ಕೋಳಿ ಕರಿಯುತ್ತಿದ್ದಳು; ತಿನ್ನಲು ನಾನು ಮತ್ತು ಹೊಯ್ಟ್ ಇಬ್ಬರೇ. ಬ್ಯಾಗಿನ ಪೆಪ್ಪರ್‌ಮಿಂಟು ಸೆಕೆಗೆ ಕರಗಿ ಕಾಗದಕ್ಕೆ ಅಂಟಿಕೊಂಡಿತು. ಅಕ್ಕನ ಹಟ ಮಾತ್ರ ಕರಗಲಿಲ್ಲ.

ಕರ್ಟಿಸನ ಹುಟ್ಟುಹಬ್ಬಕ್ಕೆ ಡಾರ್ಸಿ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ಪಿಸ್ತೂಲುಗಳನ್ನು ಗಾಡಿಯಲ್ಲಿ ಬೀಗ ಹಾಕಿಟ್ಟು ಬರಬೇಕೆಂದು ಮೊದಲೇ ಹೇಳಿದ್ದಳು. ಮೊಮ್ಮಗಳನ್ನು ನೋಡುವ ಆಸೆಗೆ ಅಕ್ಕ ಗೊಣಗುತ್ತಲೇ ಒಪ್ಪಿದಳು. ಹಿತ್ತಲಲ್ಲಿ ಊಟಕ್ಕೆ ಕುಳಿತದ್ದೇ ತಡ, ಹಳೆಯ ಜಗಳ ಮತ್ತೆ ಶುರುವಾಯಿತು.

"ಆ ಟ್ರಿಗರ್ ಎಷ್ಟು ಬಿಗಿ ಗೊತ್ತಾ? ಎಳೆಯೋಕೆ ನನ್ನ ಬೆರಳೇ ನೋಯುತ್ತೆ. ಆ ಕೂಸಿನ ಕೈಲಿ ಎಲ್ಲಾಗುತ್ತೆ?" ಎಂದಳು ಅಕ್ಕ.

"ಸೇಫ್ಟಿ ಅನ್ನೋದು ಪಿಸ್ತೂಲಲ್ಲಿರಲ್ಲ, ತಲೇಲಿರುತ್ತೆ" ಎಂದು ಹೊಯ್ಟ್ ದನಿಗೂಡಿಸಿದ.

"ಮೂರು ವರ್ಷದ ತಲೇಲೂ ಇರುತ್ತಾ ಮಾವ?" ಎಂದಳು ಡಾರ್ಸಿ.

ಅಷ್ಟರಲ್ಲಿ ಟಿಲ್ಲಿ ಗಿಡಗಳಿಗೆ ನೀರು ಹಾಕುವ ಪೈಪು ಎಳೆದುಕೊಂಡು ಬಂದಳು. ಅದರ ತುದಿಗೆ ಕೈಯಲ್ಲಿ ಹಿಡಿದು ಒತ್ತಿದರೆ ನೀರು ಚಿಮ್ಮುವ, ಪಿಸ್ತೂಲಿನಂಥದೇ ಟ್ರಿಗರ್ ಇರುವ ಸ್ಪ್ರೇ ಇತ್ತು. ಅವಳು ಅದನ್ನು ಹೂಗಿಡದ ಕಡೆ ತಿರುಗಿಸಿ ಟ್ರಿಗರನ್ನು ಬೆರಳಿನಿಂದ ಎಳೆದಳು. ಅದು ಅಲ್ಲಾಡಲಿಲ್ಲ.

"ನೋಡಿದ್ರಾ? ಅದೇ ಆಗ್ತಿಲ್ಲ ಅವಳಿಗೆ" ಎಂದು ಅಕ್ಕ ಗೆದ್ದವಳಂತೆ ನಕ್ಕಳು.

ಟಿಲ್ಲಿ ಒಂದು ಕ್ಷಣ ಯೋಚಿಸಿದಳು. ಸ್ಪ್ರೇಯನ್ನು ತನ್ನ ಕಡೆಗೇ ತಿರುಗಿಸಿಕೊಂಡು, ಎರಡೂ ಕೈಗಳಲ್ಲಿ ಹಿಡಿದು, ಎರಡೂ ಹೆಬ್ಬೆರಳುಗಳಿಂದ ಬಲವಾಗಿ ಒತ್ತಿದಳು. ನೀರು ಚಿಮ್ಮಿ ಅವಳ ಹಣೆಗೇ ಬಡಿಯಿತು.

ಎಲ್ಲರೂ ಗೊಳ್ಳೆಂದು ನಕ್ಕೆವು, ಮಗುವೂ ನಕ್ಕಿತು. ಅಕ್ಕನ ನಗು ಅರ್ಧಕ್ಕೇ ನಿಂತಿತು. ಎದ್ದು ಹೋಗಿ ಲಂಗದ ಅಂಚಿನಿಂದ ಮಗುವಿನ ಹಣೆ ಒರೆಸತೊಡಗಿದಳು. ನೀರೆಲ್ಲ ಆರಿದರೂ ಒರೆಸುತ್ತಲೇ ಇದ್ದಳು.

"ಹೆಬ್ಬೆರಳು" ಎಂದಳು ನನ್ನ ಕಡೆ ತಿರುಗಿ. "ನಾನು ಹೆಬ್ಬೆರಳಿನ ಬಗ್ಗೆ ಯೋಚಿಸೇ ಇರಲಿಲ್ವಲ್ಲೇ."

ಡಾರ್ಸಿ 'ನಾನು ಹೇಳಲಿಲ್ಲವೇ' ಎನ್ನಲಿಲ್ಲ; ಒಳಗಿನಿಂದ ಒಂದು ಟವೆಲು ತಂದು ಅತ್ತೆಯ ಕೈಗೆ ಕೊಟ್ಟಳು. ಆ ಹುಡುಗಿಯ ದೊಡ್ಡ ಗುಣ ಅದು.

ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಮತ್ತೆ ಕೋಳಿಯ ಘಮಘಮ. ಅವಳ ಪಿಸ್ತೂಲು ಅಂಗಿಯ ಕೆಳಗೆ, ಸೊಂಟದ ಒರೆಯಲ್ಲಿತ್ತು. ಬೀರುವಿನೊಳಗೆ ನಂಬರಿನ ಬೀಗದ ಉಕ್ಕಿನ ಪೆಟ್ಟಿಗೆ ಕೂತಿತ್ತು. ಹೊಯ್ಟ್ ಪೀಚ್ ಹಣ್ಣಿನ ಪೈ ಹಿಡಿದು ಬಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನದೆಲ್ಲಿದೆಯೋ?"

"ಏನು?"

"ಪಿಸ್ತೂಲು."

ಹೊಯ್ಟನ ಕಿವಿ ಕೆಂಪಾಯಿತು. "ಅಪ್ಪನ ಕಾಲದಲ್ಲಿ ಯಾರೂ ಯಾರನ್ನೂ ಹಿಂಗೆ ಕೇಳ್ತಿರಲಿಲ್ಲ."

"ಅದೇ ತಪ್ಪು. ಇನ್ಮೇಲೆ ಕೇಳ್ತೀವಿ. ಸಿಟ್ಟು ಬಂದ್ರೆ ಪೈ ಇಟ್ಟು ಹೋಗು."

ಅವನು ನಿಂತೇ ಇದ್ದ. ಒಳಗಿನಿಂದ ಟಿಲ್ಲಿ "ಹೊಯ್ಟ್ ತಾತ!" ಎಂದು ಕೂಗಿದಳು. ಕೊನೆಗೆ ತನ್ನ ಕೋಟಿನ ಜೇಬು ಮುಟ್ಟಿ ತೋರಿಸಿದ. ಆ ಕೋಟನ್ನು ಅವನು ಪ್ರತಿ ವಾರ ಎಸೆಯುತ್ತಿದ್ದದ್ದು ಟಿಲ್ಲಿ ಕುಣಿಯುವ ಸೋಫಾದ ಮೇಲೆ. ಅಕ್ಕನ ಹಿಂದೆ ಹೋಗಿ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬಂದ.

ತಾಯಂದಿರೇ, 'ಪಿಸ್ತೂಲು ಎಲ್ಲಿದೆ' ಎಂದು ನೀವೂ ಕೇಳಿ. ಮುನಿದ ನೆಂಟರು ಊಟದ ಹೊತ್ತಿಗೆ ತಿರುಗಿ ಬರುತ್ತಾರೆ.

ಟಿಲ್ಲಿ ಓಡಿಬಂದು ಅಜ್ಜಿಯ ವ್ಯಾನಿಟಿ ಬ್ಯಾಗಿಗೆ ಮೊಣಕೈವರೆಗೂ ಕೈ ತೂರಿಸಿ ತಡಕಾಡತೊಡಗಿದಳು. ಎದುರಿಗೇ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದ ಡಾರ್ಸಿ ಒಮ್ಮೆ ನೋಡಿದಳು, ಮತ್ತೆ ಸುಲಿಯತೊಡಗಿದಳು.