ಬಹುಮತದ ಪ್ರಕಾರ ಬೆಕ್ಕು ಹುಷಾರಾಗಿದೆ

ಭಾನುವಾರ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಸೊಂಟ ಸಡಿಲಿಸುತ್ತಿದ್ದೆ. ಬೆಕ್ಕು ಬಂದು ನನ್ನ ತೊಡೆಯ ಮೇಲೆ ಮಲಗಿತು. ನನ್ನ ಎದೆ ಧಸಕ್ಕೆಂದಿತು.

ಬೆಕ್ಕು ತೊಡೆಯ ಮೇಲೆ ಮಲಗುವುದರಲ್ಲಿ ಅಂಥದ್ದೇನಿದೆ ಎಂದು ಕೇಳುವವರು ನಮ್ಮ ಬೆಕ್ಕನ್ನು ನೋಡಿಲ್ಲ. ಅದನ್ನು ದೊರೆ ಎಂದು ಕರೆಯುತ್ತೇವೆ. ನಮ್ಮತ್ತೆ ಎಲ್ಲಿಂದಲೋ ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕಿದ ಗಂಡು ಬೆಕ್ಕು. ಅತ್ತೆ ತೀರಿಕೊಂಡ ಮೇಲೆ ಅದಕ್ಕೆ ಊಟ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಯ ಜಾಗಕ್ಕೆ ನಾನು ಬಂದದ್ದನ್ನು ಅದು ಇವತ್ತಿಗೂ ಒಪ್ಪಿಕೊಂಡಿಲ್ಲ. ನಾನು ಅಳತೆ ಮಾಡಿ ಕತ್ತರಿಸಿಟ್ಟ ಬಟ್ಟೆಯ ಮೇಲೇ ಬಂದು ಮೈ ಕೊಡವುತ್ತದೆ. ಯಂತ್ರ ತುಳಿಯುವಾಗ ಹಿಮ್ಮಡಿ ಪರಚುತ್ತದೆ. ಊಟ ಹಾಕಿದರೆ ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇಬ್ಬರಲ್ಲಿ ಯಾರು ಹೆಚ್ಚು ಕೆಟ್ಟು ಹೋಗಿದ್ದಾರೆಂದು ಯೋಚಿಸುತ್ತದೆ. ನಾನೂ ಸುಮ್ಮನಿರುವವಳಲ್ಲ, ಬಾಯಿಗೆ ಬಂದಂತೆ ಬೈಯುತ್ತೇನೆ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಹಾಗೇ ಸುಖವಾಗಿದ್ದೆವು.

ಅಂಥ ದೊರೆ ತೊಡೆಯ ಮೇಲೆ ಮಲಗಿ, ನನ್ನ ಮುಖ ನೋಡಿ, ಮೆಲ್ಲಗೆ ಕಣ್ಣು ಮುಚ್ಚಿತು. ನಾನು ಬೇಕೆಂದೇ ಅದರ ಬಾಲ ಎಳೆದೆ. ಸಹಿಸಿಕೊಂಡಿತು. ಕಿವಿ ಹಿಂಡಿದೆ. ಕ್ಷಮಿಸಿತು. ಸ್ವಲ್ಪ ಹೊತ್ತಿಗೆ ಎದ್ದು ಮೂಲೆಯಲ್ಲಿದ್ದ ತನ್ನ ಮರಳಿನ ತೊಟ್ಟಿಗೆ ಹೋಗಿ ಕೂತಿತು, ಎದ್ದು ಬಂತು, ಮತ್ತೆ ಹೋಯಿತು. ಬಂದು ಹೊಟ್ಟೆಯ ಕೆಳಗೆ ನೆಕ್ಕಿಕೊಂಡಿತು. ಇಟ್ಟ ಮೀನಿನ ಕಡೆ ತಿರುಗಿಯೂ ನೋಡಲಿಲ್ಲ.

ಇದು ಸಾಯುತ್ತದೆ ಎಂದು ನನ್ನ ಮನಸ್ಸಿಗೆ ಹೊಳೆಯಿತು. ಕಾರಣ ಕೇಳಿದರೆ ಏನು ಹೇಳುವುದು? ಮರ್ಯಾದೆ ಕಲಿತಿದೆ ಎನ್ನುವುದು ಒಂದು ಕಾರಣವೇ? ಆದರೂ ನನಗೆ ಭಯವಾಯಿತು.

ಬೇರೆ ಮನೆಯಾಗಿದ್ದರೆ ಬೆಕ್ಕನ್ನು ಎತ್ತಿಕೊಂಡು ಹೊರಟುಬಿಡಬಹುದಿತ್ತು. ನಮ್ಮ ಮನೆಯಲ್ಲಿ ಅದಕ್ಕೂ ಸಭೆ ಸೇರಬೇಕು. ಮಾವ ಬಸ್ ಡಿಪೋದ ಕಾರ್ಮಿಕರ ಸಂಘಕ್ಕೆ ಬಹಳ ವರ್ಷ ಅಧ್ಯಕ್ಷರಾಗಿದ್ದವರು. ನಿವೃತ್ತಿಯಾದ ದಿನ ಸಂಘವನ್ನು ಅಲ್ಲಿ ಬಿಟ್ಟು ಅಧ್ಯಕ್ಷಗಿರಿಯನ್ನು ಮನೆಗೆ ತಂದರು. ಪರದೆಯ ಬಣ್ಣದಿಂದ ಹಿಡಿದು ಹಾಲು ಒಡೆದಿದೆಯೋ ಇಲ್ಲವೋ ಎನ್ನುವವರೆಗೆ ಎಲ್ಲವೂ ಊಟದ ಮೇಜಿನ ಸುತ್ತ ಕೂತು, ಠರಾವು ಮಂಡಿಸಿ, ಕೈ ಎತ್ತಿ ತೀರ್ಮಾನವಾಗಬೇಕು. ಒಮ್ಮೆ ಗೋಡೆ ಗಡಿಯಾರ ಸರಿಯಾಗಿಯೇ ಇದೆ ಎಂದು ಬಹುಮತ ಬಂದ ಕಾರಣ ನನ್ನ ಗಂಡ, ನಾದಿನಿ ಇಬ್ಬರೂ ಕೆಲವು ದಿನ ತಡವಾಗಿ ಕೆಲಸಕ್ಕೆ ಹೋಗಿ ಬೈಸಿಕೊಂಡು ಬಂದರು. ಯಾರೂ ಗಡಿಯಾರವನ್ನು ಮುಟ್ಟಲಿಲ್ಲ.

ಮೇಜಿನ ಮೇಲೆ ಬೆಕ್ಕನ್ನಿಟ್ಟು ಠರಾವು ಮಂಡಿಸಿದೆ. "ದೊರೆಗೆ ಮೈ ಸರಿಯಿಲ್ಲ. ಈಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

"ಚರ್ಚೆ ಶುರುವಾಗಲಿ" ಎಂದರು ಮಾವ.

ನನ್ನ ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಜಗತ್ತಿನ ಎಲ್ಲ ಕಾಯಿಲೆಯೂ ಮೊದಲು ಕಣ್ಣಿನಲ್ಲೇ ಕಾಣಿಸುತ್ತದೆ ಎಂದು ಅವರು ನಂಬಿದ್ದಾರೆ. ಟಾರ್ಚ್ ತಂದು ಬೆಕ್ಕಿನ ಕಣ್ಣಿಗೆ ಬಿಟ್ಟರು. ಬೇರೆ ದಿನವಾಗಿದ್ದರೆ ಟಾರ್ಚೂ ಉಳಿಯುತ್ತಿರಲಿಲ್ಲ, ಕೈಯೂ ಉಳಿಯುತ್ತಿರಲಿಲ್ಲ. ದೊರೆ ಶಾಂತವಾಗಿ ಬೆಳಕನ್ನು ನೋಡಿತು.

"ಫಸ್ಟ್ ಕ್ಲಾಸ್ ಕಣ್ಣು. ನಂಗಿಂತ ಚೆನ್ನಾಗಿ ಕಾಣುತ್ತೆ ಅವನಿಗೆ."

"ಕಣ್ಣಿಗೆ ಏನಾಗಿದೆ ಅಂತ ನಾನು ಹೇಳಿದ್ನಾ?"

"ಮಧ್ಯೆ ಬಾಯಿ ಹಾಕ್ಬಾರ್ದು" ಎಂದರು ಮಾವ.

ನಾದಿನಿ ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ಕೂತು ಗಿರಾಕಿಗಳ ದೂರು ಕೇಳುವವಳು. ಭಾನುವಾರ ರಜೆಯಾದರೂ ಅವಳ ಗಂಟಲಿಗೆ ರಜೆಯಿಲ್ಲ. ಅದೇ ನಯವಾದ ದನಿಯಲ್ಲಿ ಶುರುಮಾಡಿದಳು.

"ಅತ್ತಿಗೆ, ಒಳಗಿಂದ ಏನಾದ್ರೂ ಶಬ್ದ ಬರ್ತಿದೆಯಾ?"

"ಇಲ್ಲ."

"ಅಲುಗಾಡ್ತಿದೆಯಾ? ನಡುಕ?"

"ಇಲ್ಲ."

"ಎಲ್ಲಾದ್ರೂ ನೀರು ಸೋರ್ತಿದೆಯಾ?"

"ಇಲ್ಲ ಕಣೇ."

"ಹಾಗಾದ್ರೆ ದೂರು ಏನು ಅಂತ ಬರ್ಕೊಳ್ಳೋದು?"

ನಾನು ಹೇಳಿದೆ, ಬೆಳಿಗ್ಗೆಯಿಂದ ಪರಚಿಲ್ಲ, ತಿಂದಿಲ್ಲ, ಸುಮ್ಮಸುಮ್ಮನೆ ತೊಟ್ಟಿಗೆ ಹೋಗಿ ಬರುತ್ತಿದೆ, ನನ್ನ ತೊಡೆಯ ಮೇಲೆ ಮಲಗಿತ್ತು. ಮೂವರೂ ಸಂತೋಷಪಟ್ಟರು. ತಿನ್ನದಿರುವುದು ಹೊಟ್ಟೆ ಇಳಿಸಲು, ಮತ್ತೆ ಮತ್ತೆ ತೊಟ್ಟಿಗೆ ಹೋಗುವುದು ಶುಚಿಯ ಮೇಲಿನ ಪ್ರೀತಿಗೆ, ತೊಡೆಯ ಮೇಲೆ ಮಲಗಿದ್ದು ಕೊನೆಗೂ ಬುದ್ಧಿ ಬಂದದ್ದಕ್ಕೆ ಎಂದು ತೀರ್ಮಾನವಾಯಿತು. "ನಿನ್ನ ಜೊತೆ ರಾಜಿಯಾಗಿದ್ದಾನೆ, ಖುಷಿಪಡೋದು ಬಿಟ್ಟು ತಲೆಗೆ ಹುಳ ಬಿಟ್ಕೊಂಡಿದೀಯಲ್ಲ" ಎಂದರು ನನ್ನ ಗಂಡ.

ಮತ ಹಾಕಿದೆವು. ಬೆಕ್ಕಿಗೆ ಮೈ ಸರಿಯಿಲ್ಲ ಎನ್ನುವುದಕ್ಕೆ ನನ್ನದೊಂದೇ ಕೈ. ಮೂರು ಮತಗಳಿಂದ ದೊರೆ ಆರೋಗ್ಯವಂತ ಎಂದು ಮಾವ ಘೋಷಿಸಿದರು. ಆರೋಗ್ಯವಂತ ದೊರೆ ಮೇಜಿನ ಮೇಲೆ ಒಂದು ಸಣ್ಣ ಗುಟುಕು ಹಳದಿ ನೀರು ಕಕ್ಕಿತು.

"ನೋಡಿ!" ಎಂದೆ.

"ಠರಾವು ಬಿದ್ದುಹೋದ ಮೇಲೆ ಬಂದ ಸಾಕ್ಷಿ" ಎಂದರು ಮಾವ. "ಬಿದ್ದ ಠರಾವನ್ನ ಅದೇ ದಿನ ಮತ್ತೆ ತರೋ ಹಾಗಿಲ್ಲಮ್ಮ. ನಾಳೆ ಬೆಳಿಗ್ಗೆ ತಗೊಂಡು ಬಾ."

"ಹಾಗಾದ್ರೆ ಬೇರೆ ಠರಾವು. ಬೆಕ್ಕಿಗೆ ಸ್ವಲ್ಪ ಗಾಳಿಯಾಡಿಸ್ಕೊಂಡು ಬರ್ಬೇಕು."

"ಎಲ್ಲಿ?"

"ಹೊರಗೆ."

"ಹೊರಗೆ ಅಂದ್ರೆ ಎಲ್ಲಿ?"

"ಪ್ರಾಣಿ ಡಾಕ್ಟರ ಕೋಣೆ ಒಳಗೆ."

ಅದೂ ಬಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಅವರು ಗೆದ್ದ ಠರಾವುಗಳ ಪರದೆಯನ್ನೇ ನೋಡಿಕೊಂಡು, ಅವರು ಗೆದ್ದ ಠರಾವುಗಳ ಸೋಪಿನಿಂದಲೇ ಸ್ನಾನ ಮಾಡಿಕೊಂಡು ಬಂದಿದ್ದೇನೆ. ಪರದೆ ಸಾಯುವುದಿಲ್ಲ, ಹಾಗಾಗಿ ಸುಮ್ಮನಿದ್ದೆ. ಹೊಲಿದ ಬಟ್ಟೆ ಒಯ್ಯುವ ದೊಡ್ಡ ಚೀಲ ತಂದು ನೆಲದ ಮೇಲೆ ಬಾಯಿ ಬಿಡಿಸಿದೆ. ದೊರೆಯನ್ನು ಚೀಲಕ್ಕೆ ಹಾಕುವುದೆಂದರೆ ಇಬ್ಬರು ಗಟ್ಟಿಮುಟ್ಟಾದ ಜನ, ಒಂದು ಕಂಬಳಿ, ಆಮೇಲೆ ಗಾಯಕ್ಕೆ ಹಚ್ಚುವ ಮುಲಾಮು ಬೇಕು. ಅವತ್ತು ಅದು ಮೇಜಿನಿಂದ ಕಷ್ಟಪಟ್ಟು ಇಳಿದು ತಾನೇ ಚೀಲದೊಳಗೆ ಹೋಗಿ ಕೂತಿತು. ನನಗೆ ಅಳು ಬಂತು. ಚೀಲ ಹೆಗಲಿಗೇರಿಸಿ ಹೊರಟೆ.

"ಸಭೆ ಮುಗಿದಿಲ್ಲ!" ಎಂದು ಮಾವ ಕೂಗಿದರು. ನಾನು ಕ್ಯಾರೇ ಅನ್ನಲಿಲ್ಲ.

ಮುಗಿಯದ ಸಭೆಯಿಂದ ಒಬ್ಬರು ಎದ್ದು ಹೋದರೆ ಉಳಿದವರು ಏನು ಮಾಡಬೇಕು ಎನ್ನುವುದು ನಮ್ಮ ಮನೆಯ ನಿಯಮದಲ್ಲಿ ಇಲ್ಲ. ಹಾಗಾಗಿ ಸಭೆಯೇ ನನ್ನ ಹಿಂದೆ ಬಂತು. ಮುಂದೆ ನಾನು, ಹಿಂದೆ ಒಂದು ಕಾಲಿಗೆ ತನ್ನ, ಇನ್ನೊಂದು ಕಾಲಿಗೆ ಮಗನ ಚಪ್ಪಲಿ ಹಾಕಿಕೊಂಡ ಮಾವ, ಟಾರ್ಚ್ ಆರಿಸಲು ಮರೆತ ಗಂಡ, ಕೊನೆಯಲ್ಲಿ "ದಯವಿಟ್ಟು ನಿಲ್ಲಿ, ನಿಮ್ಮ ಸಹನೆಗೆ ಧನ್ಯವಾದ" ಎನ್ನುತ್ತಾ ನಾದಿನಿ. ನಾನು ನಿಲ್ಲಬೇಕು ಎಂದು ಬೇಕರಿಯ ಎದುರು ಒಂದು ಠರಾವು ಪಾಸಾಯಿತು. ನಾನು ಇನ್ನೂ ಜೋರಾಗಿ ನಡೆದೆ.

ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಾಗಿಲಿಗೆ ಬಂದ. "ಯಜಮಾನ್ರೇ, ಏನಾಯ್ತು?"

"ಏನೂ ಆಗಿಲ್ಲ" ಎಂದರು ಮಾವ ಏದುಸಿರು ಬಿಡುತ್ತಾ. "ಅದನ್ನೇ ಹೇಳೋಕೆ ಓಡ್ತಿದೀವಿ."

ಅವನು ಚೀಲದೊಳಗೆ ಇಣುಕಿ, "ಅಯ್ಯೋ, ಬೆಕ್ಕು ಸೋತುಹೋಗಿದೆಯಲ್ಲ" ಎಂದ.

"ಹೊರಗಿನವರಿಗೆ ಮತ ಇಲ್ಲ" ಎಂದು ಮಾವ ಅವನನ್ನು ಒಳಗೆ ಕಳಿಸಿದರು.

ಪ್ರಾಣಿ ಆಸ್ಪತ್ರೆಯಲ್ಲಿ ಕೂರಲು ಜಾಗವಿರಲಿಲ್ಲ. ಒಂದು ನಾಯಿ ಇನ್ನೊಂದು ನಾಯಿಯ ಮೇಲೆ ಕೂತಿತ್ತು. ಕಿಟಕಿಯ ಹಿಂದಿದ್ದ ಹೆಂಗಸು ತಲೆ ಎತ್ತದೆ, "ಏನು ತೊಂದ್ರೆ?" ಎಂದಳು.

"ಬೆಕ್ಕು ಒಳ್ಳೇದಾಗ್ಬಿಟ್ಟಿದೆ" ಎಂದೆ.

"ಒಳ್ಳೇದಾಗಿದ್ರೆ ಯಾಕೆ ಬಂದ್ರಿ?"

"ಅದನ್ನೇ ನಾವೂ ಕೇಳ್ತಿರೋದು" ಎಂದರು ಹಿಂದಿನಿಂದ ಮೂವರೂ.

ನಾನು ಪಟ್ಟು ಬಿಡದೆ ಕಿಟಕಿಗೇ ಅಂಟಿಕೊಂಡು ನಿಂತೆ. ನನ್ನನ್ನು ಸಾಗಹಾಕುವುದಕ್ಕಾಗಿಯೇ ಒಳಗೆ ಬಿಟ್ಟಳೆಂದು ಕಾಣುತ್ತದೆ. ಸಭೆಯೂ ನನ್ನ ಹಿಂದೆಯೇ ಒಳಗೆ ನುಗ್ಗಿತು. ಡಾಕ್ಟರು ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ ಚಿಕ್ಕ ವಯಸ್ಸಿನ ಹೆಂಗಸು. ದಣಿದಿದ್ದರು. ಬೆಕ್ಕಿನ ತಲೆ ಸವರಿ, "ಎಷ್ಟು ಸಾಧು! ಇಂಥ ಬೆಕ್ಕು ನಾನು ನೋಡೇ ಇಲ್ಲ. ಬಿಸಿಲಿಗೆ ಸ್ವಲ್ಪ ಸೋತಿರ್ಬೇಕು, ನಾಳೆ ನೋಡೋಣ" ಎಂದರು.

ಮಾವ ಗೆದ್ದ ನಗು ನಕ್ಕರು. ನನ್ನ ಗಂಡ ಚೀಲ ಎತ್ತಿಕೊಂಡರು. ನಾನು ಅದನ್ನು ಕಿತ್ತುಕೊಂಡೆ.

"ಡಾಕ್ಟ್ರೇ, ಈ ಪ್ರಾಣಿಗೆ ನನ್ನ ಕಂಡ್ರೆ ಆಗಲ್ಲ. ಇದು ಸಾಧು ಅಲ್ಲ, ಪಕ್ಕಾ ರೌಡಿ. ನೋಡಿ ನನ್ನ ಕೈ, ನೋಡಿ ನನ್ನ ಕಾಲು. ಇವತ್ತು ನನ್ನ ತೊಡೆ ಮೇಲೆ ಮಲಗಿತ್ತು. ನನ್ನ ತೊಡೆ ಮೇಲೆ! ಕಿವಿ ಹಿಂಡಿದ್ರೂ ಸುಮ್ನಿತ್ತು. ಇದಕ್ಕೆ ಏನೋ ಆಗಿದೆ. ಏನು ಅಂತ ನಂಗೆ ಗೊತ್ತಿಲ್ಲ, ಗೊತ್ತಿದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ನೀವು ಸರಿಯಾಗಿ ನೋಡೋ ತನಕ ನಾನು ಈ ಕೋಣೆಯಿಂದ ಕದಲಲ್ಲ."

ನನ್ನ ದನಿ ಇಡೀ ಆಸ್ಪತ್ರೆಗೆ ಕೇಳಿಸಿರಬೇಕು. ನಾಯಿಗಳೂ ಸುಮ್ಮನಾದವು. ಡಾಕ್ಟರು ನನ್ನ ಕೈಯ ಪರಚು ಗಾಯಗಳನ್ನು ನೋಡಿದರು, ಆಮೇಲೆ ಬೆಕ್ಕನ್ನು ನೋಡಿದರು. ಮುಖದಿಂದ ನಗು ಹೋಯಿತು.

"ಉಚ್ಚೆ ಹೊಯ್ದಿದೆಯಾ ಇವತ್ತು?"

"ತೊಟ್ಟಿಗೆ ಹೋಗಿ ಹೋಗಿ ಬರ್ತಿತ್ತು. ಮರಳು ಒದ್ದೆಯಾಗಿದ್ದು ನೋಡ್ಲಿಲ್ಲ."

ಅವರು ದೊರೆಯ ಹೊಟ್ಟೆಯ ಕೆಳಗೆ ಕೈಯಿಟ್ಟು ಮೆತ್ತಗೆ ಒತ್ತಿದರು. ಕೈ ಅಲ್ಲೇ ನಿಂತಿತು. "ಕಲ್ಲಿನ ಹಾಗಿದೆ" ಎಂದವರೇ ಬೆಕ್ಕನ್ನು ಎತ್ತಿಕೊಂಡು ಒಳಕೋಣೆಗೆ ಓಡಿದರು. ಬಾಗಿಲಿನಿಂದ ತಿರುಗಿ, "ದಾರಿ ಕಟ್ಟಿಕೊಂಡಿದೆ, ಒಂದು ಹನೀನೂ ಹೊರಗೆ ಬಂದಿಲ್ಲ. ನಾಳೆ ಅಂದಿದ್ರೆ ಉಳೀತಿರ್ಲಿಲ್ಲ. ನಾಳೆ ಅಂದಿದ್ದು ನಾನೇ" ಎಂದು ಬಾಗಿಲು ಹಾಕಿಕೊಂಡರು.

ನಾದಿನಿ ಮೆಲ್ಲಗೆ, "ನೀರು ಸೋರ್ತಿದೆಯಾ ಅಂತ ಕೇಳಿದ್ದೆ" ಎಂದಳು.

ಹೊರಗೆ ಬೆಂಚಿನ ಮೇಲೆ ನಾಲ್ವರೂ ಕೂತೆವು. ನನಗೆ ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ. ಬೆಕ್ಕು ಬದುಕಿದರೆ ಬೈಯೋಣ, ಸತ್ತರೆ ಮಾತೇ ಬಿಡೋಣ ಎಂದುಕೊಂಡು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಳಗಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಮಾವ ತಮ್ಮ ಎರಡು ಬಗೆಯ ಚಪ್ಪಲಿಗಳನ್ನು ನೋಡಿಕೊಳ್ಳುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಮಾತಾಡಿದರು.

"ನಿಮ್ಮತ್ತೆ ಯಾವತ್ತೂ ನನ್ನ ಪರ ಕೈ ಎತ್ತಿದವಳಲ್ಲ."

ಅದು ನಿಜ. ಅತ್ತೆ ಇದ್ದಾಗ ಮಾವನ ಒಂದು ಠರಾವೂ ಜಗಳವಿಲ್ಲದೆ ಪಾಸಾಗುತ್ತಿರಲಿಲ್ಲ. ಮಳೆ ಬರುತ್ತಿದೆ ಎಂದು ಮಾವ ಹೇಳಿದರೂ ಅತ್ತೆ ವಿರೋಧಿಸಿಯೇ ಕೊಡೆ ತೆಗೆದುಕೊಳ್ಳುತ್ತಿದ್ದರು.

"ಕೊನೆಕೊನೆಗೆ ಎಲ್ಲದಕ್ಕೂ ಕೈ ಎತ್ತೋಕೆ ಶುರು ಮಾಡಿದಳು. ನಾನು ಏನು ಹೇಳಿದ್ರೂ ಹೂಂ ಅನ್ನೋಳು. ನಾನು ಗೆದ್ದೆ ಅಂದ್ಕೊಂಡೆ. ಡಿಪೋದವರ ಹತ್ರ ಹೋಗಿ ಹೇಳ್ಕೊಂಡು ಬಂದೆ, ನಮ್ಮನೇಲಿ ಈಗ ಎಲ್ಲ ಸರ್ವಾನುಮತ ಅಂತ." ಅವರು ಮಗನ ಚಪ್ಪಲಿಯನ್ನು ಕಳಚಿ ಪಕ್ಕಕ್ಕಿಟ್ಟರು. "ಅವಳಿಗೆ ಇಲ್ಲ ಅನ್ನೋಕೂ ಶಕ್ತಿ ಇರ್ಲಿಲ್ಲ. ನಂಗೆ ಗೊತ್ತಾಗ್ಲಿಲ್ಲಮ್ಮ. ನಿಂಗೆ ಬೆಕ್ಕಿನದು ಗೊತ್ತಾಯ್ತು. ನಂಗೆ ಹೆಂಡತೀದು ಗೊತ್ತಾಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾದಿನಿ ಬಿಕ್ಕಿಬಿಕ್ಕಿ ಅತ್ತಳು. ನನ್ನ ಗಂಡ ಟಾರ್ಚನ್ನು ಹಚ್ಚುತ್ತಾ ಆರಿಸುತ್ತಾ ಕೂತಿದ್ದರು. ನಾನು ಮಾವನ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ತುಂಬ ಹೊತ್ತಿನ ಮೇಲೆ ಡಾಕ್ಟರು ಬಂದು, ನಳಿಕೆ ಹಾಕಿ ದಾರಿ ಬಿಡಿಸಿದ್ದೇವೆ, ಕೆಲವು ದಿನ ಇಲ್ಲೇ ಇರಬೇಕು, ಬದುಕುತ್ತದೆ ಎಂದರು. "ಮುಂದೆ ಯಾವತ್ತಾದ್ರೂ ನಿಮ್ಮ ಮನಸ್ಸಿಗೆ ಹೀಗೆ ಅನ್ನಿಸಿದ್ರೆ ಯಾರ ಮಾತೂ ಕೇಳ್ಬೇಡಿ. ನನ್ನ ಮಾತೂ ಕೇಳ್ಬೇಡಿ, ಬಂದು ಹೀಗೇ ಕೂಗಾಡಿ" ಎಂದು ನನ್ನ ಭುಜ ತಟ್ಟಿದರು. ನಾನು ಅಲ್ಲೇ ಕೂತು ಮನಸಾರೆ ಅತ್ತೆ.

ಖಾಲಿ ಚೀಲ ಹಿಡಿದು ವಾಪಸು ಹೊರಟೆವು. ಸಭೆಯ ಮಾತನ್ನು ಯಾರೂ ಎತ್ತಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ನನ್ನ ಗಂಡ ಚೀಲಕ್ಕೆ ಕೈ ಚಾಚಿ, "ಕೊಡು, ನಾನು ಹಿಡ್ಕೋತೀನಿ. ನಿನ್ನ ಮಾತು ಕೇಳ್ಬೇಕಿತ್ತು. ತಪ್ಪು ನಂದೇ" ಎಂದರು. ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ.

ಮುಂದೆ ಹೋಗುತ್ತಿದ್ದ ಮಾವ ಗಕ್ಕನೆ ನಿಂತರು. ತಿರುಗಿ ಬಂದವರೇ ರಸ್ತೆಯ ಮಧ್ಯದಲ್ಲೇ ಮಗನ ಹಣೆಯ ಮೇಲೆ ಕೈಯಿಟ್ಟರು.

"ಯಾಕೋ, ಏನಾಗ್ತಿದೆ? ಹೊಟ್ಟೆ ನೋವಾ?"

"ಅಪ್ಪಾ, ನಂಗೇನೂ ಆಗಿಲ್ಲ. ಬಿಡು, ಜನ ನೋಡ್ತಿದಾರೆ."

"ನೋಡ್ಲಿ" ಎಂದರು ಮಾವ. "ನೀನು ಸುಮ್ನೆ ನಿಂತ್ಕೋ." ಹಣೆ ತಣ್ಣಗಿದೆ ಎಂದು ಖಾತ್ರಿಯಾದ ಮೇಲೂ ಅವರು ಕೈ ತೆಗೆಯಲಿಲ್ಲ.